ಪೈಬವ್ವ

ಟ್ರಂಕಿನ ತಳದಲ್ಲಿ ಒಂದು ವರದಿ ಸಿಕ್ಕಿತು,
ಗೆದ್ದಲು ಅಂಚು ತಿಂದು ನಡುವನ್ನು ಬಿಟ್ಟದ್ದು.
ಬೀದರಿನಿಂದ ಔರಾದದ ತನಕ ಆರು ಹಳ್ಳಿ,
ನಲವತ್ತು ಜನರಿಗೆ ಕ್ವಿನೈನು, ಮೂರು ಹೆರಿಗೆ,
ಮಾರಿದ ಸುವಾರ್ತೆ ಹನ್ನೊಂದು ಪ್ರತಿ.
ಕೊನೆಗೆ ಮಿಸ್ಸಮ್ಮನ ಓರೆ ಕೈಬರಹ:
ಜೊತೆಗೆ ಒಬ್ಬ ಹೆಂಗಸು ಇದ್ದಳು.

ಆ ಒಬ್ಬ ಹೆಂಗಸು ನನ್ನವ್ವನ ಅಜ್ಜಿ.
ಔಷಧದ ಪೆಟ್ಟಿಗೆ ತಲೆಯ ಮೇಲೆ,
ಬಗಲಲ್ಲಿ ಲಾಟೀನು,
ಮಾಂಜ್ರಾ ಹೊಳೆಯಲ್ಲಿ ಎದೆಮಟ ನೀರಿದ್ದರೆ
ಮಿಸ್ಸಮ್ಮನ ಬೂಟು ಹಲ್ಲಲ್ಲಿ.

ಹುಟ್ಟಿದಾಗ ತುಳಜವ್ವ.
ಕಂಚಿನ ಬಟ್ಟಲಿಂದ ನೆತ್ತಿಗೆ ಮೂರು ಹನಿ ಬಿದ್ದ ದಿನ
ಫೊಯಿಬೆ.
ಪೌಲನ ಕಾಗದ ಹೊತ್ತು ಸಮುದ್ರ ದಾಟಿದವಳ ಹೆಸರು.
ಓಣಿಯ ನಾಲಿಗೆಗೆ ಅದು ಹೊರಳಲಿಲ್ಲ:
ಪೋಯಿ, ಪೈಬಿ, ಕಡೆಗೆ ಪೈಬವ್ವ.
ಅವಳು ಹೆಸರಿಗಾಗಿ ತಕರಾರು ಮಾಡಲಿಲ್ಲ.
ನೆನಪಿಟ್ಟದ್ದು ಆ ಮೂರು ಹನಿ.
ಪರರು ಕೈಯಾರೆ ಮುಟ್ಟಿ ಅವಳಿಗೆ ಕೊಟ್ಟ
ಮೊದಲ ನೀರು.

ಮಿಸ್ಸಮ್ಮನ ಕನ್ನಡ ಪುಸ್ತಕದಿಂದ ಬಂದದ್ದು,
ಬೀದರಿನ ಕೆಂಪು ಮಣ್ಣು ಇನ್ನೂ ಹತ್ತಿರದದ್ದು.
'ಪಾಪ' ಎಂದು ಆಕೆ ಕೈ ಎತ್ತಿದರೆ
ಕಟ್ಟೆಯ ಕೆಳಗೆ ಕೂತ ಹೆಂಗಸರು
ಬಿಸಿಲಿಗೆ ಸುಲಿದ ಆಕೆಯ ಮೂಗು ನೋಡಿ
ಅಯ್ಯ, ಪಾಪ, ಪಾಪ ಅನ್ನುತ್ತಿದ್ದರು.
ಆಗ ಪೈಬವ್ವ ನಡುವೆ ಬಾಯಿ ಹಾಕುತ್ತಿದ್ದಳು.
ನೂರು ಆಡು, ಒಂದು ತಪ್ಪಿಸಿಕೊಂಡಿತು,
ಯಾರ ಆಡು, ಯಾವ ಗುಡ್ಡ, ಕೊರಳಲ್ಲಿ ಗಂಟೆ ಇತ್ತೋ ಇಲ್ಲವೋ,
ಎಲ್ಲ ಸೇರಿಸಿ ಹೇಳಿ
ಹೊತ್ತು ಮುಳುಗಿಸುತ್ತಿದ್ದಳು.

ಚಾವಡಿಯ ಮುಂದೆ ಒಬ್ಬ ಎದ್ದು ನಿಂತು
ಅವರಿಬ್ಬರ ತಾಯಂದಿರನ್ನು ಸೇರಿಸಿ ಬೈದ.
'ಏನಂದರು?'
'ಬಿಸಲ ಭಾಳ ಅದ, ನೆಳ್ಳಿಗಿ ಕೂಡ್ರಿ ಅಂತಾರ್ರೀ.'
ಕಲ್ಲು ಬಂದು ಲಾಟೀನಿನ ಗಾಜು ಒಡೆಯಿತು.
'ಇದೇನು?'
'ಹುಡುಗ್ರು ಮಾವಿನಕಾಯಿ ಹೊಡೀಲತ್ತಾರ್ರೀ.'
'ಮರ ಎಲ್ಲಿದೆ?'
'ಹಿಂದಿನ ಓಣ್ಯಾಗ.'
ವರದಿಯ ಎರಡನೆಯ ಪುಟದಲ್ಲಿ ನಾನು ಓದಿದೆ:
ಈ ಸೀಮೆಯ ಜನ
ಅಪರಿಚಿತರಿಗೂ ನೆರಳು ತೋರಿಸುವವರು.

ಆ ಊರಿನ ಹೆಸರು ಅವಳು ಹೇಳಲೇ ಇಲ್ಲ.
ನಾಳೆ ಅಲ್ಲಿಗೇ ನಿನ್ನ ಕೊಡಬೇಕಾಗಿ ಬಂದ್ರ, ಅಂತಿದ್ದಳು.
ಬಾವಿಯ ಮೇಲೆ ಮಿಸ್ಸಮ್ಮನಿಗೆ
ಬೆಳಗಿದ ತಂಬಿಗೆಯಲ್ಲಿ ನೀರು ಬಂತು.
ಇವಳಿಗೆ, ಮೆಟ್ಟಿಲ ಕೆಳಗೆ,
ದನ ಕುಡಿದು ಬಿಟ್ಟ ಬಾನಿ.
'ನೀನು ಕುಡಿದೆಯಾ?'
'ಕುಡದೆನ್ರೀ.'
ಹತ್ತೊಂಬತ್ತು ವರ್ಷ,
ಊರು ಬೇರೆ, ಬಾನಿ ಬೇರೆ,
ಪ್ರಶ್ನೆ ಅದೇ, ಉತ್ತರವೂ ಅದೇ.
ಮಿಸ್ಸಮ್ಮ ಹಿಂದಿರುಗಿ ನೋಡಿದ್ದರೆ ಕಾಣುತ್ತಿತ್ತು.
ನೋಡಲಿಲ್ಲ.
ನಾನು ಇದನ್ನು ಕ್ಷಮಿಸಿಲ್ಲ, ಅವಳು ಕ್ಷಮಿಸಿದ್ದಳು,
ಅಥವಾ ಕ್ಷಮಿಸುವಂಥದ್ದು ಇದೆ ಎಂದೇ
ಅವಳಿಗೆ ಅನ್ನಿಸಿರಲಿಲ್ಲ.

ನನಗಾಗ ಹತ್ತು ವರ್ಷ, ಅವಳಿಗೆ ಎಂಬತ್ತೋ ತೊಂಬತ್ತೋ.
ಯಾಕ ಹೇಳಲಿಲ್ಲ ಆಯಿ?
'ಹೇಳಿದ್ರ ಆಕಿ ಆ ನೀರ ಕುಡೀತಿದ್ದಿಲ್ಲ.
ಮುಂದಿನೂರು ಎಂಟು ಮೈಲಿ.
ಆಕಿ ಬಿದ್ರ ಹೊರಾಕಿ ಯಾರು?'

ಮತ್ತ ಸುವಾರ್ತಿ ಹೊತಗೊಂಡು ಸುಳ್ಳು ಹೇಳಿದ್ಯಲ್ಲ?
ಹಲ್ಲಿಲ್ಲದ ಬಾಯಲ್ಲಿ ರೊಟ್ಟಿಯ ತುಣುಕು ಹೊರಳಿಸುತ್ತ
ತುಸು ಹೊತ್ತು ಸುಮ್ಮನಿದ್ದಳು.
'ಸುಳ್ಳು ಯಾಕ ಆಗ್ತದ?
ನೆಳ್ಳಿಗಿ ಕೂಡ್ರಿ ಅಂತ ಅವರೇ ಅನಬೇಕಿತ್ತು.
ಅನಲಿಲ್ಲ.
ಅವರ ಪಾಲಿಂದು ನಾ ಅಂದೆ.'

ಸ್ಟೀಲು ಲೋಟ ತುಂಬಿ ಮುಂದಿಟ್ಟೆ.
ಅವಳು ಲೋಟ ಮುಟ್ಟಲಿಲ್ಲ, ಬೊಗಸೆ ಒಡ್ಡಿದಳು.
ಬ್ಯಾಡ ಆಯಿ, ಇದು ನಮ್ಮ ಮನಿ, ಅಂದೆ.
'ಹೌದಲ್ಲ,' ಅಂದಳು.
ಬೊಗಸೆ ಹಾಗೇ ಇತ್ತು.
ಹೊಯ್ದೆ.